ಹೊಳೆ ಇಳಿದ ಮೇಲೆ ಬಿದ್ದ ದಂಡೆ: ಭೀಮಾ ತೀರದ ಒಂದು ಹೊಲದ ಪ್ರಕರಣ

ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ, ಭೀಮಾ ನದಿಯ ಬಲದಂಡೆಗೆ ಹತ್ತಿಕೊಂಡು ಅಣ್ಣ-ತಮ್ಮ ಇಬ್ಬರ ಒಂದು ಹೊಲ ಇದೆ. ಪಹಣಿ ಪ್ರಕಾರ ನಾಲ್ಕು ಎಕರೆ ಇಪ್ಪತ್ತು ಗುಂಟೆ. 2020ರ ಅಕ್ಟೋಬರ್‌ನಲ್ಲಿ ಹೊಳೆ ಬಂದು ಹೋದ ಮೇಲೆ ಅದರಲ್ಲಿ ಹತ್ತಿರ ಹತ್ತಿರ ಮೂವತ್ತು ಗುಂಟೆ ಕುಸಿದು ನೀರುಪಾಲಾಯಿತು. ಅದರ ಜೊತೆ ಒಂದು ಪಂಪ್‌ಸೆಟ್, ಪೈಪು, ಒಂದು ಕರೆಂಟ್ ಕಂಬವೂ ಹೋದವು. ಮನೆಯವರು ಬೇಡ ಎಂದಿದ್ದಕ್ಕೆ ಊರಿನ ಹೆಸರನ್ನೂ ಅವರ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ.

ಹೊಳೆಸಾಲಿನಲ್ಲಿ ಜಮೀನು ಹೋಗುವುದು ಹೊಸದೇನಲ್ಲ. ಈ ಹೊಲದ ವಿಷಯ ಬರೆಯಬೇಕು ಅನ್ನಿಸಿದ್ದು ಅದು ಹೋದ ಹೊತ್ತಿನಿಂದಾಗಿ. ಎಲ್ಲರೂ ಹೊಳೆ ಕಡೆ ಕಣ್ಣಿಟ್ಟಿದ್ದ ದಿನಗಳಲ್ಲಿ ದಂಡೆ ಅಲುಗಾಡಲಿಲ್ಲ. ಟಿವಿಯವರು ಬಂದು ಹೋದರು. ಗಂಜಿ ಕೇಂದ್ರ ಮುಚ್ಚಿತು. ಬೆಳೆ ಹಾನಿ ಸಮೀಕ್ಷೆಯೂ ಮುಗಿಯಿತು. ಆಮೇಲೆ ದಂಡೆ ಬಿತ್ತು. ಅಣ್ಣ ಹೇಳಿದ್ದು ಹೀಗೆ: "ನೀರ ಏರಿದಾಗ ಏನೂ ಆಗಿಲ್ರಿ ಸರ. ಕಬ್ಬು ಮುಳಗಿತ್ತು, ಖರೆ. ಆದ್ರ ದಂಡಿ ಗಟ್ಟಿ ಇತ್ತು. ನೀರ ಇಳದ ಮ್ಯಾಲ ಒಂದೊಂದೇ ಹೋಳ ಬಿದ್ದು ಹೋಯ್ತು."

ಈ ಮಾತು ಮೊದಲು ಉಲ್ಟಾ ಅನ್ನಿಸುತ್ತದೆ. ನೀರು ಜೋರಾಗಿದ್ದಾಗ ಬೀಳದ ದಂಡೆ ನೀರು ತಣ್ಣಗಾದ ಮೇಲೆ ಯಾಕೆ ಬೀಳಬೇಕು? ಆದರೆ ನದಿ ದಂಡೆಗಳ ವಿಷಯದಲ್ಲಿ ಇದೇ ಬಹಳ ಸಲ ನಡೆಯುವ ಸಂಗತಿ.

ಆ ವರ್ಷದ ಹೊಳೆ

ಭೀಮೆ ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ 861 ಕಿಲೋಮೀಟರ್ ಹರಿದು, ಯಾದಗಿರಿ-ರಾಯಚೂರು ಗಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದಕ್ಕೆ ನೀರು ಕೊಡುವ ಪ್ರದೇಶ ಸುಮಾರು 70 ಸಾವಿರ ಚದರ ಕಿಲೋಮೀಟರ್. ಬಹುಪಾಲು ಮಹಾರಾಷ್ಟ್ರದ್ದು. ಹಾಗಾಗಿ ಕಲಬುರಗಿಯಲ್ಲಿ ಬಿಸಿಲಿದ್ದರೂ ಹೊಳೆ ತುಂಬಿ ಬರಬಹುದು.

2020ರಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಅಕ್ಟೋಬರ್ 13ರಂದು ಕಾಕಿನಾಡ ಹತ್ತಿರ ದಡ ದಾಟಿತು. ತೆಲಂಗಾಣ, ನಮ್ಮ ಭಾಗ, ಸೊಲ್ಲಾಪುರದ ಮೇಲೆ ಮಳೆ ಸುರಿಸುತ್ತಾ ಅರಬ್ಬಿ ಸಮುದ್ರದ ಕಡೆ ಹೋಯಿತು. ಮುಂಗಾರು ಮುಗಿಯುವ ಹೊತ್ತು. ಜಲಾಶಯಗಳಲ್ಲಿ ಜಾಗ ಇರಲಿಲ್ಲ. ಮಹಾರಾಷ್ಟ್ರದ ಉಜನಿ, ವೀರ್ ಜಲಾಶಯಗಳಿಂದ ಬಿಟ್ಟ ನೀರಿಗೆ ಸೀನಾ ಉಪನದಿ ಮತ್ತು ಉಳಿದ ಹಳ್ಳಕೊಳ್ಳಗಳ ನೀರು ಸೇರಿಕೊಂಡಿತು. ಅಫಜಲಪುರ, ಜೇವರ್ಗಿ, ಚಿತ್ತಾಪುರ ತಾಲ್ಲೂಕುಗಳ ಹೊಳೆಸಾಲಿನ ಊರುಗಳಿಗೆ ನೀರು ನುಗ್ಗಿತು. ನಮ್ಮ ಅಣ್ಣ-ತಮ್ಮಂದಿರ ಹೊಲ ಪೂರ್ತಿ ಮುಳುಗಿತ್ತು.

ತಿರುವಿನ ಹೊರಬದಿ

ಹೊಲ ಇರುವುದು ನದಿ ಬಾಗುವ ಜಾಗದಲ್ಲಿ, ಬಾಗಿನ ಹೊರಬದಿಗೆ. ಅರ್ಧ ಕಥೆ ಇಲ್ಲೇ ಇದೆ.

ನೀರು ತಿರುವಿನಲ್ಲಿ ಹೋಗುವಾಗ ಮೇಲ್ಭಾಗದ ವೇಗದ ನೀರು ಹೊರದಂಡೆ ಕಡೆ ಒತ್ತಿಕೊಂಡು ಹೋಗುತ್ತದೆ. ಅಲ್ಲಿ ಕೆಳಗಿಳಿದು, ತಳದ ಮೇಲೆ ಒಳದಂಡೆ ಕಡೆ ಮರಳುತ್ತದೆ. ಹೀಗೆ ನೀರು ನೇರ ಹರಿಯದೆ ಸುರುಳಿ ಸುತ್ತಿಕೊಂಡು ಮುಂದೆ ಹೋಗುತ್ತದೆ. ಹೊರದಂಡೆಯ ಬುಡವನ್ನು ಕೆದರಿ, ಕೆದರಿದ್ದನ್ನು ಒಳಬದಿಯಲ್ಲಿ ಇಳಿಸುವುದು ಈ ಸುರುಳಿಯ ಕೆಲಸ. ಚಹಾ ಕಪ್ಪಿನಲ್ಲಿ ಚಮಚ ತಿರುಗಿಸಿದರೆ ಚಹಾಪುಡಿ ಅಂಚಿಗೆ ಹೋಗದೆ ನಡುವೆ ಗುಡ್ಡೆಯಾಗುತ್ತದೆ, ಅಲ್ವಾ? ಅದಕ್ಕೂ ನದಿ ಬಾಗುವುದಕ್ಕೂ ಇರುವ ನಂಟನ್ನು 1926ರಲ್ಲಿ ಒಂದು ಚಿಕ್ಕ ಲೇಖನದಲ್ಲಿ ಬಿಡಿಸಿ ಹೇಳಿದವರು ಆಲ್ಬರ್ಟ್ ಐನ್‌ಸ್ಟೈನ್.

ಹೊಲದ ಬುಡದಲ್ಲಿ ಮಡು ಇದೆ. ಎದುರು ದಂಡೆಯಲ್ಲಿ ಉಸುಕಿನ ದಿಬ್ಬ ಬೆಳೆದಿದೆ. ಮೀನು ಹಿಡಿಯುವ ಅಂಬಿಗರ ಕಾಕಾ ಒಬ್ಬರು ನನಗೆ ಕೋಲು ಹಾಕಿ ತೋರಿಸಿದರು. ದಿಬ್ಬದ ಕಡೆ ಮೊಣಕಾಲು ನೀರು. ಹೊಲದ ಕಡೆ ಕೋಲು ತಳ ಮುಟ್ಟಲಿಲ್ಲ. "ಮಡು ಮೊದಲ ಅಲ್ಲಿತ್ತು ತಮ್ಮಾ" ಎಂದು ಅವರು ಕೈ ಮಾಡಿದ್ದು ನದಿಯ ನಡುಮಧ್ಯಕ್ಕೆ. ಅಂದರೆ ಅವರ ನೆನಪಿನೊಳಗೇ ಮಡು ದಂಡೆ ಕಡೆ ಸರಿದು ಬಂದಿದೆ.

ಹೀಗಾಗಿ, ಹೊಳೆ ಏರಿದಾಗ ಏನೂ ಆಗಲಿಲ್ಲ ಎಂಬುದು ಪೂರ್ತಿ ನಿಜವಲ್ಲ. ಕಾಣುವಂಥದ್ದು ಏನೂ ಆಗಲಿಲ್ಲ, ಅಷ್ಟೇ. ನೀರಿನಡಿಯಲ್ಲಿ ಬುಡ ಸವೆಯುತ್ತಿತ್ತು.

ಮೇಲೆ ಎರೆ, ಕೆಳಗೆ ಉಸುಕು

ದಂಡೆ ಬಿದ್ದ ಜಾಗದಲ್ಲಿ ನಿಂತರೆ ಮಣ್ಣಿನ ಪದರುಗಳು ಸೀದಾ ಕಾಣುತ್ತವೆ. ಮೇಲೆ ಆಳೆತ್ತರಕ್ಕಿಂತ ಜಾಸ್ತಿ ಕರಿ ಎರೆಮಣ್ಣು. ಅದರ ಕೆಳಗೆ ಹಳದಿ ಛಾಯೆಯ ಗೋಡು, ಅಂದರೆ ಮೆಕ್ಕಲು ಮಣ್ಣು. ಬುಡದಲ್ಲಿ ಸಡಿಲ ಉಸುಕು, ನಡುವೆ ಗುಂಡುಗಲ್ಲು. ಎಂದೋ ನದಿಯೇ ಹರಿದಿದ್ದ ಜಾಗ ಅದು. ಅಂದರೆ ಈ ಹೊಲವೂ ಭೀಮೆ ತಂದು ಹಾಕಿದ್ದೇ. ಕೊಟ್ಟಿದ್ದನ್ನು ಈಗ ವಾಪಸ್ ತೆಗೆದುಕೊಳ್ಳುತ್ತಿದೆ.

ಎರೆಮಣ್ಣು ಎಲ್ಲಿಂದ ಬಂತು ಎಂದರೆ ದಖ್ಖನ್ನಿನ ಕಪ್ಪು ಕಲ್ಲಿನಿಂದ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಗಟ್ಟಿಯಾಗಿ ಆದ ಬಸಾಲ್ಟ್ ಅದು. ಭೀಮೆಯ ಮೇಲ್ಭಾಗ ಪೂರ್ತಿ ಅದೇ ಕಲ್ಲು. ಅದು ಕೊಳೆತರೆ ಆಗುವುದು ಮಾಂಟ್‌ಮೊರಿಲೊನೈಟ್ ಎಂಬ ಜೇಡಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ನಮ್ಮ ಎರೆಹೊಲಗಳು ಕೈ ಇಳಿಯುವಷ್ಟು ಬಿರಿಯುವುದು ಇದಕ್ಕೇ. ಬಿರುಕು ಒಂದು ಮೀಟರ್‌ಗಿಂತ ಆಳ ಹೋಗುವುದೂ ಇದೆ. ಜೇವರ್ಗಿ, ಚಿತ್ತಾಪುರದ ಸುತ್ತ ಬಸಾಲ್ಟ್ ಮುಗಿದು ಸುಣ್ಣದ ಕಲ್ಲು ಶುರುವಾಗುತ್ತದೆ. ಮನೆಗೆ ಹಾಸುವ ಶಹಾಬಾದ್ ಪರ್ಸಿ ಅದೇ. ಇನ್ನೂ ಕೆಳಗೆ ಯಾದಗಿರಿ ಕಡೆ ಗ್ರಾನೈಟ್. ನದಿ ಇವೆಲ್ಲದರ ಚೂರನ್ನೂ ಹೊತ್ತುಕೊಂಡು ಹೋಗುತ್ತದೆ. ಗುಂಡುಗಲ್ಲು ತಳದಲ್ಲಿ ಉರುಳುತ್ತದೆ, ಉಸುಕು ಕುಪ್ಪಳಿಸುತ್ತದೆ, ಜೇಡಿ ನೀರಲ್ಲೇ ತೇಲುತ್ತದೆ, ಸುಣ್ಣ ಕರಗಿ ಕಣ್ಣಿಗೆ ಕಾಣದಂತೆ ಸಾಗುತ್ತದೆ.

ಯಾವುದನ್ನು ನೀರು ಸುಲಭವಾಗಿ ಎತ್ತುತ್ತದೆ? ಸಣ್ಣ ಕಣವನ್ನು ಅಂತ ಎಲ್ಲರೂ ಹೇಳುತ್ತಾರೆ. ನನ್ನ ತರಗತಿಯಲ್ಲೂ ಇದೇ ಉತ್ತರ ಬರುತ್ತದೆ. ಆದರೆ ಸ್ವೀಡನ್‌ನ ಭೂಗೋಳಶಾಸ್ತ್ರಜ್ಞ ಫಿಲಿಪ್ ಯೂಲ್‌ಸ್ಟ್ರೋಮ್ 1935ರಲ್ಲಿ ಕೊಟ್ಟ ನಕ್ಷೆ ಬೇರೆಯದನ್ನೇ ತೋರಿಸುತ್ತದೆ. ಎಲ್ಲಕ್ಕಿಂತ ಬೇಗ ಎದ್ದು ಹೋಗುವುದು ಉಸುಕು. ಸೆಕೆಂಡಿಗೆ 20 ಸೆಂಟಿಮೀಟರ್ ಆಸುಪಾಸಿನ ವೇಗ ಸಾಕು. ಜೇಡಿ ಕಣ ಅದಕ್ಕಿಂತ ಎಷ್ಟೋ ಸಣ್ಣದು, ಆದರೆ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಅದನ್ನು ಕೀಳಲು ಹಲವು ಪಟ್ಟು ವೇಗ ಬೇಕು. ಒಮ್ಮೆ ಎದ್ದರೆ ಮಾತ್ರ ನಿಧಾನದ ನೀರಲ್ಲೂ ಕೆಳಗೆ ಕೂರುವುದಿಲ್ಲ.

ಇದನ್ನು ನಮ್ಮ ದಂಡೆಗೆ ಹಚ್ಚಿ ನೋಡಿ. ಮೇಲಿನ ಎರೆ ಗಟ್ಟಿ. ಬುಡದ ಉಸುಕು ಸಡಿಲ. ಹೊಳೆ ಬಂದಾಗ ಉಸುಕು ಕೊಚ್ಚಿ ಹೋಗಿ ಎರೆಯ ದಪ್ಪ ಪದರ ಕೆಳಗೆ ಆಧಾರ ಇಲ್ಲದೆ ಚಾಚಿಕೊಂಡು ನಿಂತಿತು. ಮೇಲೆ ನಿಂತು ನೋಡಿದವರಿಗೆ ದಂಡೆ ಗಟ್ಟಿಯಾಗಿಯೇ ಕಂಡಿತು.

ನೀರು ಇಳಿದಾಗ ಆಗುವುದೇನು

ಹೊಳೆ ತುಂಬಿದ್ದಾಗ ನದಿಯ ನೀರೇ ದಂಡೆಯನ್ನು ಹೊರಗಿನಿಂದ ಒತ್ತಿ ಹಿಡಿದಿರುತ್ತದೆ. ಆ ಹೊತ್ತಿಗೆ ದಂಡೆಯೊಳಗೂ ನೀರು ಇಳಿದಿರುತ್ತದೆ, ಅದರಲ್ಲೂ ಬಿರುಕುಗಳ ಮೂಲಕ. ಹೊರಗೆ, ಒಳಗೆ ಎರಡೂ ಕಡೆ ಸಮ.

ಆಮೇಲೆ ಹೊಳೆ ಇಳಿಯುತ್ತದೆ. ಭೀಮೆ ಇಳಿಯುವಾಗ ಬೇಗ ಇಳಿಯುತ್ತದೆ. ಆದರೆ ಎರೆ ತನ್ನೊಳಗಿನ ನೀರನ್ನು ಅಷ್ಟು ಬೇಗ ಬಿಡುವುದಿಲ್ಲ. ಹೊರಗಿನ ಆಸರೆ ಹೋಯಿತು, ಒಳಗಿನ ನೀರು ಹಾಗೇ ನಿಂತಿತು. ಆ ನೀರು ಮಣ್ಣಿನ ಕಣಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ. ಮಣ್ಣಿನ ತೂಕವೂ ಏರಿರುತ್ತದೆ. ಅದೇ ಹೊತ್ತಿಗೆ ಬುಡದ ಉಸುಕಿನ ಪದರದಿಂದ ನೀರು ಒಸರುತ್ತದೆ, ಒಸರುವಾಗ ಉಸುಕನ್ನೂ ಎಳೆದುಕೊಂಡು ಬರುತ್ತದೆ. ತಮ್ಮ ಇದನ್ನು ಕಣ್ಣಾರೆ ನೋಡಿದ್ದ. ದಂಡೆ ಬುಡದಲ್ಲಿ ಒರತೆ ಥರ ನೀರು ಜಿನುಗುತ್ತಿತ್ತು, ಮೇಲೆ ಕಬ್ಬಿನ ಸಾಲಿನ ನಡುವೆ ದಂಡೆಗೆ ಸಮನಾಗಿ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಎರೆಹೊಲದಲ್ಲಿ ಬಿರುಕು ಇದ್ದದ್ದೇ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಬೇಸಿಗೆಯ ಬಿರುಕು ಎಲ್ಲಾ ದಿಕ್ಕಿಗೂ ಹೋಗುತ್ತದೆ. ಇದು ದಂಡೆಯ ಅಂಚಿಗೆ ಜೋಡಿಯಾಗಿ ಒಂದೇ ದಿಕ್ಕಿಗೆ ಹೋಗಿತ್ತು. ಹಸಿ ನೆಲದಲ್ಲಿ ಬೇರೆ! ಹೊಳೆಸಾಲಿನವರು ಕಲಿತಿರಬೇಕಾದ ಗುರುತು ಯಾವುದಾದರೂ ಇದ್ದರೆ ಇದೇ ಎಂದು ನನಗನ್ನಿಸುತ್ತದೆ.

ಆ ಬಿರುಕಿನ ಗುಂಟವೇ ಎರೆ ಹೋಳು ಹೋಳಾಗಿ ಬಿತ್ತು. ಬಿದ್ದ ಮಣ್ಣು ಒಂದಷ್ಟು ದಿನ ಬುಡಕ್ಕೆ ಆಸರೆಯಾಗಿ ನಿಂತಿತು. ಹರಿಯುವ ನೀರು ಅದನ್ನು ತೆಗೆದುಕೊಂಡು ಹೋಯಿತು. ಮತ್ತೊಂದು ಸಾಲು ಬಿತ್ತು.

ಮುಂದಿನ ಮಳೆಗಾಲಗಳಲ್ಲಿ ಅಣ್ಣ-ತಮ್ಮ ಒಂದು ಕೆಲಸ ಮಾಡಿದರು. ಹೊಲದ ಬೇವಿನ ಮರದಿಂದ ದಂಡೆಯ ಅಂಚಿನವರೆಗೆ ಟೇಪ್ ಹಿಡಿದು ಅಳತೆ ಬರೆದಿಟ್ಟರು. ದಂಡೆಯ ಮೈಗೆ ಕಬ್ಬಿಣದ ಸರಳು ಹೊಡೆದು ಎಷ್ಟು ಹೊರಗೆ ಕಾಣುತ್ತದೆ ಎಂದು ನೋಡುತ್ತಾ ಬಂದರು. ನೀರು ಮೇಲಿದ್ದಾಗ ಅಂಚು ಅಷ್ಟಾಗಿ ಸರಿಯಲಿಲ್ಲ. ಮಳೆಗಾಲದ ಕೊನೆಗೆ ಹೊಳೆ ಇಳಿದಾಗ ಸರಿಯಿತು. ಕೆಳಗಿನ ಬ್ಯಾರೇಜ್ ಗೇಟು ತೆಗೆದು ನಿಂತ ನೀರು ಒಮ್ಮೆಲೇ ಇಳಿದಾಗ ಕೂಡ ಸರಿಯಿತು. ಆಗ ಮಳೆಯೂ ಇರಲಿಲ್ಲ, ಪ್ರವಾಹವೂ ಇರಲಿಲ್ಲ.

ಮನುಷ್ಯರ ಪಾಲು

ಎಲ್ಲಾ ನದಿಯ ಮೇಲೆ ಹಾಕುವುದು ಸರಿಯಲ್ಲ. ಇವರ ಅಪ್ಪನ ಕಾಲದಲ್ಲಿ ದಂಡೆಗುಂಟ ಜಾಲಿ, ಬಿದಿರು ಇದ್ದವು. ಪೈಪ್‌ಲೈನ್ ಹಾಕುವಾಗ, ಕಬ್ಬು ಎರಡು ಸಾಲು ಜಾಸ್ತಿ ಬರಲಿ ಎಂದು ಕಡಿದರು. ಅಲ್ಲಿಗೆ ಬೇರು ಹೋಯಿತು. ಮೇಲೆ ಕಬ್ಬಿಗೆ ಕಾಲುವೆಯಲ್ಲಿ ಹರಿಸುವ ನೀರು ದಂಡೆಯನ್ನು ವರ್ಷವಿಡೀ ಹಸಿಯಾಗಿ ಇಟ್ಟಿತು. ಬೇರೇನೂ ಬದಲಿಸದೆ ತೊಗರಿಯನ್ನಷ್ಟೇ ಬೆಳೆದಿದ್ದರೂ ಹಾನಿ ಕಡಿಮೆ ಆಗುತ್ತಿತ್ತು ಎಂದು ನನ್ನ ಲೆಕ್ಕ.

ಉಸುಕು ತೆಗೆಯುವುದು ಇನ್ನೊಂದು. ತಳದ ಉಸುಕು ಹೋದಷ್ಟೂ ನದಿ ಆಳವಾಗುತ್ತದೆ, ದಂಡೆ ಎತ್ತರವಾಗುತ್ತದೆ. ಎತ್ತರವಾದ ದಂಡೆ ತನ್ನ ತೂಕಕ್ಕೆ ತಾನೇ ಬೀಳುತ್ತದೆ. ತಿರುವಿನ ಹೊರಬದಿಯಲ್ಲಿ, ಕೊರೆತ ಇರುವ ಕಡೆ ಉಸುಕು ತೆಗೆಯಬಾರದು ಎಂದು ಕೇಂದ್ರ ಪರಿಸರ ಸಚಿವಾಲಯದ 2016ರ ಮರಳು ಗಣಿಗಾರಿಕೆ ಮಾರ್ಗಸೂಚಿಯೇ ಹೇಳುತ್ತದೆ. ರಾತ್ರಿ ಬರುವ ಟ್ರ್ಯಾಕ್ಟರ್‌ಗೆ ಮಾರ್ಗಸೂಚಿ ಓದಿ ಹೇಳುವವರು ಯಾರು?

ಅಣೆಕಟ್ಟುಗಳ ಪಾಲೂ ಇದೆ. 1980ರಲ್ಲಿ ಮುಗಿದ ಉಜನಿ, ನಂತರ ಬಂದ ಬ್ಯಾರೇಜ್‌ಗಳು ಉಸುಕನ್ನು ಹಿಂದೆ ಹಿಡಿದಿಡುತ್ತವೆ. ಹೊರೆ ಇಲ್ಲದೆ ಕೆಳಗೆ ಬಿಟ್ಟ ನೀರಿಗೆ ಕೊರೆಯುವ ಶಕ್ತಿ ಜಾಸ್ತಿ ಉಳಿದಿರುತ್ತದೆ. ತನ್ನ ಹೊರೆಯನ್ನು ಅದು ಇಲ್ಲಿನ ತಳದಿಂದ, ದಂಡೆಯಿಂದ ತುಂಬಿಕೊಳ್ಳುತ್ತದೆ. ಹಾಗೆ ಹೋದ ಮಣ್ಣು ಮತ್ತೆ ಎಲ್ಲೋ ಕೂರುತ್ತದೆ. ಭೀಮೆ ಸೇರಿದ ಕೃಷ್ಣೆಯ ದಾರಿಯಲ್ಲಿ ಶ್ರೀಶೈಲಂ ಜಲಾಶಯ ಇದೆ. ಮೊದಲು 308 ಟಿಎಂಸಿ ಅಡಿ ಇದ್ದ ಅದರ ಸಾಮರ್ಥ್ಯವನ್ನು ಹೂಳಿನಿಂದಾಗಿ ಈಗ 215 ಟಿಎಂಸಿ ಅಡಿ ಆಸುಪಾಸು ಎಂದು ಲೆಕ್ಕ ಹಿಡಿಯುತ್ತಾರೆ. ಆಂಧ್ರದ ಕರಾವಳಿಯಲ್ಲಿ ಕೃಷ್ಣಾ ನದಿ ಕಟ್ಟಿದ ನೆಲಕ್ಕೆ ಹೊಸ ಮಣ್ಣು ಬರುವುದು ಬಹಳ ಕಡಿಮೆಯಾಗಿದೆ, ಕೆಲವು ಕಡೆ ಕಡಲು ಒಳಗೆ ಬರುತ್ತಿದೆ. ಜೇವರ್ಗಿಯಲ್ಲಿ ಮಣ್ಣು ಹೋಗುತ್ತದೆ, ಕೃಷ್ಣೆ ಕಡಲು ಸೇರುವ ಹಂಸಲದೀವಿ ಕಡೆ ಮಣ್ಣು ಸಾಲುವುದಿಲ್ಲ. ನಡುವೆ ಜಲಾಶಯಗಳು ತುಂಬುತ್ತಿವೆ.

ಅದೇ ಹೊಲದಲ್ಲಿ ಕೂತ ಹೂಳು

ಹೊಲದ ಒಂದು ಅಂಚು ಹೋದಾಗ ಉಳಿದ ಭಾಗಕ್ಕೆ ಹೊಸ ಮಣ್ಣು ಬಂದಿತ್ತು. ದಂಡೆಯ ಹತ್ತಿರ ಮೊಳಕಾಲು ಮುಚ್ಚುವಷ್ಟು ಉಸುಕು. ಹಿಂದಿನ ತಗ್ಗಿನಲ್ಲಿ ನಾಲ್ಕು ಬೆರಳು ದಪ್ಪ ನುಣ್ಣನೆ ಗೋಡು.

ಹೀಗೆ ಬೇರೆ ಬೇರೆ ಕೂರಲು ಕಾರಣ ಸರಳ. ನೀರು ದಂಡೆ ದಾಟಿ ಹೊಲಕ್ಕೆ ಹರಡಿದ ಕೂಡಲೇ ವೇಗ ಕಳೆದುಕೊಳ್ಳುತ್ತದೆ. ಭಾರದ ಉಸುಕು ಅಲ್ಲೇ ಬೀಳುತ್ತದೆ. ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗದಷ್ಟು ದಪ್ಪದ ಕಣ ನಿಂತ ನೀರಲ್ಲಿ ಒಂದು ಮೀಟರ್ ಇಳಿಯಲು ಸುಮಾರು ಎರಡು ನಿಮಿಷ ಸಾಕು. ಅದರ ಐವತ್ತನೇ ಒಂದು ಭಾಗದಷ್ಟಿರುವ ಜೇಡಿ ಕಣಕ್ಕೆ ಮೂರು ದಿನ ಬೇಕು. ತಗ್ಗಿನಲ್ಲಿ ನೀರು ದಿನಗಟ್ಟಲೆ ನಿಂತಿದ್ದರಿಂದ ಅದು ಅಲ್ಲಿ ಕೂತಿತು. ಮುಂದಿನ ಹಿಂಗಾರಿಗೆ ತಗ್ಗಿನಲ್ಲಿ ಬಿಳಿಜೋಳ ಚೆನ್ನಾಗಿ ಬಂತು. ಉಸುಕು ಬಿದ್ದ ಕಡೆ ಏನೂ ಬರಲಿಲ್ಲ. ಅದನ್ನು ತೆಗೆಸಲು ಕೈಯಿಂದ ದುಡ್ಡು ಹೋಯಿತು.

ಪರಿಹಾರದ ಲೆಕ್ಕ

ಇಲ್ಲಿ ಹೊತ್ತು ಮತ್ತೆ ಕೈಕೊಟ್ಟಿತು. ಸಮೀಕ್ಷೆಯವರು ಬಂದಾಗ ನಿಂತ ಕಬ್ಬು ಹಾಳಾಗಿತ್ತು, ಜಮೀನು ಇನ್ನೂ ಇತ್ತು. ಬೆಳೆ ಹಾನಿ ಎಂದು ದಾಖಲಾಯಿತು. ದಂಡೆ ಬಿದ್ದ ಮೇಲೆ ಮತ್ತೆ ಹೋಗಿ ಕೇಳಿದರೆ, ಪಟ್ಟಿ ಮುಗಿದಿದೆ ಎಂಬ ಉತ್ತರ ಸಿಕ್ಕಿತು.

ವಿಪತ್ತು ಪರಿಹಾರ ನಿಧಿಯ ಮಾನದಂಡದಲ್ಲಿ ಜಮೀನೇ ಹೋದರೆ ಬೇರೆ ಬಾಬತ್ತು ಇದೆ. ಭೂಕುಸಿತದಿಂದಲೋ ನದಿ ಪಾತ್ರ ಬದಲಾಗಿಯೋ ಜಮೀನಿನ ದೊಡ್ಡ ಭಾಗ ಹೋದ ಸಣ್ಣ, ಅತಿ ಸಣ್ಣ ರೈತರಿಗೆ ಆಗ ಹೆಕ್ಟೇರಿಗೆ 37,500 ರೂಪಾಯಿ ಇತ್ತು. 2022ರಿಂದ 47,000 ಆಯಿತು. ಹೂಳು ತೆಗೆಯಲೂ ಸಹಾಯ ಇದೆ, ಆದರೆ ಹೂಳು 3 ಅಂಗುಲಕ್ಕಿಂತ ದಪ್ಪ ಇರಬೇಕು. 2022ರ ದರ ಹೆಕ್ಟೇರಿಗೆ 18,000. ಮೂವತ್ತು ಗುಂಟೆಗೆ ಹಳೆಯ ದರದಲ್ಲಿ ಲೆಕ್ಕ ಹಾಕಿದರೆ ಸುಮಾರು 11,400 ರೂಪಾಯಿ. ಆ ದುಡ್ಡಿಗೆ ಹೋದ ಪಂಪ್‌ಸೆಟ್ ಕೂಡ ಬರುವುದಿಲ್ಲ, ಬಿಡಿ. ಆದರೂ ದಾಖಲೆ ಅಂತ ಒಂದು ಉಳಿಯುತ್ತಿತ್ತು. ನೀರು ಇಳಿದು ಒಂದೆರಡು ತಿಂಗಳಿಗೆ ದಂಡೆಯಂಚಿನ ಜಮೀನುಗಳಿಗೆ ಇನ್ನೊಂದು ಸಮೀಕ್ಷೆ ಬೇಕು ಎನ್ನುವುದು ಈ ಪ್ರಕರಣದಿಂದ ನಾನು ಕೇಳುವ ಒಂದೇ ಸರಕಾರಿ ಬದಲಾವಣೆ.

ಪಹಣಿಯಲ್ಲಿ ವಿಸ್ತೀರ್ಣ ಕಡಿಮೆ ಮಾಡಿಸಿ ಎಂದರೆ ಅಣ್ಣ ಒಪ್ಪುವುದಿಲ್ಲ. ನದಿ ಕೊರೆದ ಜಮೀನಿನ ಕಂದಾಯ ಇಳಿಸಲು ಕಾಯ್ದೆಯಲ್ಲಿ ಅವಕಾಶ ಇದೆ. ಆದರೆ ಕಂದಾಯ ಎಷ್ಟು ಮಹಾ? ಬೆಳೆಸಾಲ ಸಿಗುವುದು ಪಹಣಿಯ ಎಕರೆ ಲೆಕ್ಕದಲ್ಲಿ. ಹಾಗಾಗಿ ಹೊಳೆಯೊಳಗಿನ ಮೂವತ್ತು ಗುಂಟೆ ಕಾಗದದ ಮೇಲೆ ಹಾಗೇ ಇದೆ.

ಕಲ್ಲು ಎಲ್ಲಿ ಹಾಕಬೇಕು

ಮೊದಲ ವರ್ಷ ಅವರು ಎಲ್ಲರೂ ಮಾಡುವುದನ್ನೇ ಮಾಡಿದರು. ಗಣಿಯಿಂದ ಒಡೆದ ಪರ್ಸಿ ತುಂಡು ತರಿಸಿ ದಂಡೆಯ ಮೇಲಂಚಿನಿಂದ ಸುರಿದರು. ಕಲ್ಲಿನ ಭಾರ ಸೇರಿ ಅಂಚು ಇನ್ನೂ ಬೇಗ ಕೂತಿತು. ಚಪ್ಪಟೆ ಪರ್ಸಿ ಜಾರಿ ಮಡುವಿನಲ್ಲಿ ಕಾಣೆಯಾಯಿತು.

ಎರಡನೇ ಸಲ ಕೆಲಸ ಬುಡದಿಂದ ಶುರುವಾಯಿತು. ನೀರಾವರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಊರಿನ ಸಂಬಂಧಿಕರೊಬ್ಬರು ನಿಂತು ಮಾಡಿಸಿದರು. ಅನುಮತಿಗೆ ಓಡಾಡಿದ್ದೂ ಅವರೇ. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ, ತಂತಿ ಬಲೆಯ ಪೆಟ್ಟಿಗೆಗಳಲ್ಲಿ ಗುಂಡುಗಲ್ಲು ತುಂಬಿ ದಂಡೆಯ ಬುಡಕ್ಕೆ ಕೂರಿಸಿದರು. ಒಂದು ಸಾಲನ್ನು ಮಡುವಿನ ಕಡೆ ಚಾಚಿ ಹಾಸಿದರು. ತಳ ಸವೆದರೆ ಆ ಸಾಲು ತಾನೇ ಬಾಗಿ ಸವೆದ ಜಾಗ ಮುಚ್ಚಲಿ ಎಂದು. ಪೆಟ್ಟಿಗೆಯ ಹಿಂದೆ ಸೋಸುವ ಬಟ್ಟೆ, ಅದರ ಹಿಂದೆ ಜಲ್ಲಿ. ಒಳಗಿನ ನೀರು ಹೊರಗೆ ಬರಬೇಕು, ಉಸುಕು ಬರಬಾರದು. ಇಡೀ ಕೆಲಸದ ಜೀವಾಳ ಇದು. ಸಿಮೆಂಟ್ ಗೋಡೆ ಕಟ್ಟಿದ್ದರೆ ನೀರು ಹಿಂದೆಯೇ ನಿಂತು ಗೋಡೆಯನ್ನೇ ತಳ್ಳುತ್ತಿತ್ತು.

ನೆಟ್ಟಗಿದ್ದ ದಂಡೆಯನ್ನು ಒಂದಕ್ಕೆರಡು ಇಳಿಜಾರಾಗಿ, ಅಂದರೆ ಒಂದು ಅಡಿ ಎತ್ತರಕ್ಕೆ ಎರಡು ಅಡಿ ಅಗಲ ಬರುವಂತೆ, ಕಡಿದರು. ಅದಕ್ಕೆ ಇನ್ನೊಂದಿಷ್ಟು ಹೊಲ ಹೋಯಿತು. ತಮ್ಮ ಬಹಳ ಜಗಳ ಮಾಡಿದ. ಹೊಳೆ ತಿಂದದ್ದು ಸಾಲದು ಅಂತ ನಾವೇ ಕಡಿಯುವುದಾ ಎಂದು. ಇಳಿಜಾರಿನ ಮೇಲೆ ಲಾವಂಚ ಹಚ್ಚಿದರು. ಅದರ ಬೇರು ಮೂರು ಮೀಟರ್‌ವರೆಗೆ ಇಳಿಯಬಲ್ಲದು. ಮೇಲೆ ಬಿದಿರು. ಅಂಚಿನ ಪಟ್ಟಿಯಲ್ಲಿ ಕಬ್ಬು ನಿಂತಿತು, ಉಳಿದ ಕಬ್ಬಿಗೆ ಡ್ರಿಪ್ ಬಂತು. ದುಡ್ಡು ಸಾಕಾದದ್ದು ಅತಿ ಕೆಟ್ಟ ಭಾಗಕ್ಕೆ ಮಾತ್ರ. ಅಷ್ಟು ಉದ್ದ ಈಗ ನಿಂತಿದೆ. ಉಳಿದ ಕಡೆ ಸ್ವಲ್ಪ ಸ್ವಲ್ಪ ಬೀಳುತ್ತಲೇ ಇದೆ.

ಈಗಿನ ತಕರಾರು ಕೆಳಗಿನ ಹೊಲದವರದು. ನದಿಯ ಬಾಗು ಸಾಮಾನ್ಯವಾಗಿ ಹರಿವಿನ ದಿಕ್ಕಿಗೇ ಸರಿಯುತ್ತದೆ, ಕೊರೆತ ಜೋರಾಗಿರುವುದು ಬಾಗಿನ ತುದಿಗಿಂತ ಸ್ವಲ್ಪ ಕೆಳಗೆ. ಮೇಲೆ ಬುಡ ಕಟ್ಟಿದರೆ ನೀರು ಅಲ್ಲಿ ತೆಗೆಯಲಾಗದ ಮಣ್ಣನ್ನು ಕೆಳಗೆ ಹುಡುಕುತ್ತದೆ. "ನಿಮ್ಮ ಪೆಟ್ಟಿಗಿ ನಮ್ಮ ಹೊಲಕ್ಕ ಮುಳುವು ಆಗ್ಯಾವ" ಎಂದು ಅವರು ಪಂಚಾಯಿತಿಯಲ್ಲಿ ಹೇಳಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೆ ಅವರ ದಂಡೆಯಲ್ಲಿ ಪೆಟ್ಟಿಗೆ ಬರುವ ಮೊದಲೇ ಉದ್ದ ಬಿರುಕು ಇತ್ತು ಎಂಬುದೂ ನಿಜ. ಎರಡೂ ಮನೆಯವರು ಸೇರಿ ಬಾಗಿನ ಪೂರ್ತಿ ಉದ್ದಕ್ಕೆ ಬುಡ ಕಟ್ಟಿಸಿಕೊಡಿ ಎಂದು ಅರ್ಜಿ ಬರೆಯಬೇಕೆಂಬ ಮಾತಾಗಿದೆ. ಕೆಳಗಿನವರು ಸಹಿ ಹಾಕಲು ಒಂದು ಷರತ್ತು ಇಟ್ಟಿದ್ದಾರೆ: ಅರ್ಜಿಯಲ್ಲಿ ಅವರ ಹೊಲದ ಸರ್ವೆ ನಂಬರ್ ಮೊದಲು ಬರಬೇಕು. ಅಣ್ಣ ಒಪ್ಪಿದ್ದಾರೆ. ತಮ್ಮ ಇನ್ನೂ ಒಪ್ಪಿಲ್ಲ.